ತಮ್ಮನ ಪಾಲಿನ ನೀರು

ನಾನು ಜೀವನದಲ್ಲಿ ಮೊದಲ ಸಲ ಓಡಿದ್ದು ನಲವತ್ತಮೂರನೆಯ ವಯಸ್ಸಿನಲ್ಲಿ, ಅದೂ ನೆಲದ ಮೇಲಲ್ಲ, ಒಂದು ಯಂತ್ರದ ಮೇಲೆ. ಹೈದರಾಬಾದಿನ ಒಂದು ದವಾಖಾನೆಯಲ್ಲಿ ಎದೆಗೆ ವೈರುಗಳನ್ನು ಅಂಟಿಸಿ, ಹಿಂದಕ್ಕೆ ಸರಿಯುತ್ತಲೇ ಇರುವ ರಬ್ಬರ್ ಪಟ್ಟಿಯ ಮೇಲೆ ನನ್ನನ್ನು ನಿಲ್ಲಿಸಿದ್ದರು. ಮೊದಲು ನಡಿಗೆ, ಆಮೇಲೆ ಏರು, ಕೊನೆಗೆ ಓಟ. ಓಟ ಶುರುವಾದ ಎರಡೇ ನಿಮಿಷಕ್ಕೆ ನನ್ನ ಕಥೆ ಮುಗಿಯಿತು. ಕಂಬಿ ಹಿಡಿದುಕೊಂಡು "ನಿಲ್ಲಿಸ್ರಿ, ನಿಲ್ಲಿಸ್ರಿ" ಎಂದು ಕೂಗಿದೆ. ಯಂತ್ರ ನೋಡಿಕೊಳ್ಳುವ ಹುಡುಗಿಗೆ ಕನ್ನಡ ಬರುತ್ತಿರಲಿಲ್ಲ, ಆದರೆ ಅಂಥ ದನಿಗೆ ಯಾವ ಭಾಷೆಯೂ ಬೇಕಾಗುವುದಿಲ್ಲ. ಪಟ್ಟಿ ನಿಂತಿತು. ನಾನು ಕೆಳಗೆ ಕೂತು ಏದುಸಿರು ಬಿಟ್ಟೆ.

ಅಲ್ಲಿಗೆ ಹೋದದ್ದು ನನ್ನ ಕಾಯಿಲೆಗಲ್ಲ. ತಮ್ಮನಿಗೆ ಕಿಡ್ನಿ ಕೊಡಲು ಹೋಗಿದ್ದೆ.

ತಮ್ಮ ನನಗಿಂತ ಐದು ವರ್ಷ ಚಿಕ್ಕವನು. ಭಾಲ್ಕಿಯಲ್ಲಿ ಸುಟ್ಟುಹೋದ ನೀರಿನ ಮೋಟಾರುಗಳಿಗೆ ಮತ್ತೆ ತಂತಿ ಸುತ್ತಿ ಕೊಡುವ ಅಂಗಡಿ ಅವನದು. ಅವ್ವ, ಹೆಂಡತಿ, ಅವನು, ಮೂವರೂ ಅಲ್ಲೇ ಇರುತ್ತಾರೆ. ಎರಡೂ ಕಿಡ್ನಿ ಕೈಕೊಟ್ಟು ಒಂದು ವರ್ಷವಾಗಿತ್ತು. ವಾರಕ್ಕೆ ಎರಡು ಸಲ ಬೀದರಿಗೆ ಹೋಗಿ, ನಾಲ್ಕು ನಾಲ್ಕು ಗಂಟೆ ಮಲಗಿ, ಡಯಾಲಿಸಿಸ್ ಯಂತ್ರದಲ್ಲಿ ರಕ್ತ ತೊಳೆಸಿಕೊಂಡು ಬರುತ್ತಿದ್ದ. ಅವ್ವನಿಗೆ ವಯಸ್ಸಾಗಿದೆ, ಅವನ ಹೆಂಡತಿಗೆ ಸಕ್ಕರೆ ಕಾಯಿಲೆ. ಉಳಿದವಳು ನಾನೊಬ್ಬಳೇ. ಮದುವೆಯಾಗಿಲ್ಲ, ರಕ್ತದ ಗುಂಪು ಒಂದೇ, ಸರಕಾರಿ ಹೈಸ್ಕೂಲಿನ ಗಣಿತದ ಟೀಚರ್. ಕೊಡು ಎಂದು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಎಲ್ಲರೂ ನನ್ನ ತಟ್ಟೆಗೆ ಒಂದು ರೊಟ್ಟಿ ಹೆಚ್ಚು ಹಾಕತೊಡಗಿದರು, ಅಷ್ಟೆ. ನಾನೇ ಕೊಡುತ್ತೇನೆ ಎಂದೆ.

ನನ್ನ ಕಿಡ್ನಿ ಚೆನ್ನಾಗಿದೆ ಎಂದರು ಡಾಕ್ಟರು. ಆದರೆ ತೂಕ ಜಾಸ್ತಿ, ಯಂತ್ರದ ಮೇಲೆ ಹತ್ತಿದೊಡನೆ ಬಿ.ಪಿ. ಏರುತ್ತದೆ, ದಮ್ಮು ಎಂಬುದಂತೂ ಇಲ್ಲವೇ ಇಲ್ಲ. ಇಂಥ ಮೈಯನ್ನು ಕೊಯ್ಯುವುದಿಲ್ಲ, ಆರು ತಿಂಗಳು ಓಡಿ ಮೈ ಪಳಗಿಸಿಕೊಂಡು ಬನ್ನಿ, ಯಂತ್ರ ಮುಗಿಸಿದರೆ ಮುಂದಿನ ಮಾತು ಎಂದರು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ವಾಪಸ್ಸು ಬರುವಾಗ ಬಸ್ಸು ಜಹೀರಾಬಾದ್ ದಾಟುತ್ತಿದ್ದಂತೆ ನನಗೆ ಸಮಾಧಾನವಾಯಿತು. ಪಕ್ಕದ ಸೀಟಿನಲ್ಲಿ ತಮ್ಮ ಕಿಟಕಿಗೆ ತಲೆ ಆನಿಸಿ ಮಲಗಿದ್ದ, ಮುಖ ಊದಿತ್ತು. ನಾನು ಮನಸ್ಸಿನಲ್ಲಿ, ಸದ್ಯ, ಆರು ತಿಂಗಳು ಚಾಕು ಇಲ್ಲ ಅಂದುಕೊಂಡೆ. ಥೂ, ಎಂಥ ಅಕ್ಕ! ಮರುದಿನವೇ ಬಿಳಿ ಕ್ಯಾನ್ವಾಸ್ ಬೂಟು ಕೊಂಡೆ.

ಆಗ ನಾನು ಔರಾದಿನಲ್ಲಿ ಬಾಡಿಗೆಯ ಒಂದು ಕೋಣೆಯಲ್ಲಿದ್ದೆ. ಶಾಲೆ ಚಿಂತಾಕಿಯಲ್ಲಿ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಓಡಲು ಡಾಬಕಾ ಕಡೆಗೆ ಹೋಗುವ ರಸ್ತೆಯನ್ನು ಆರಿಸಿಕೊಂಡೆ, ಅಲ್ಲಿ ನನ್ನ ವಿದ್ಯಾರ್ಥಿಗಳ ಮನೆಗಳು ಕಡಿಮೆ ಎಂಬ ಒಂದೇ ಕಾರಣಕ್ಕೆ. ಚೂಡಿದಾರದ ದುಪಟ್ಟಾ ಸೊಂಟಕ್ಕೆ ಬಿಗಿದು, ಬೆಳಗಿನ ಆರು ಗಂಟೆಗೆ, ಒಂದು ಲೈಟಿನ ಕಂಬದಿಂದ ಇನ್ನೊಂದಕ್ಕೆ ಓಡಿದೆ. ಎರಡನೆಯ ಕಂಬ ಮುಟ್ಟುವಷ್ಟರಲ್ಲಿ ಪಕ್ಕೆ ಹಿಡಿಯಿತು. ಬಗ್ಗಿ ನಿಂತಿದ್ದೆ, ಹಿಂದಿನಿಂದ ಮೋಟಾರ್ ಸೈಕಲ್ಲೊಂದು ಬಂದು ನಿಂತಿತು. ಎರಡೂ ಬದಿಗೆ ಹಾಲಿನ ಕ್ಯಾನು.

"ಅಕ್ಕಾರ, ಬಸ್ ತಪ್ಪತೇನ್ರಿ? ಕೂಡ್ರಿ, ಜಲ್ದಿ ಹಿಡಸ್ತೇನಿ."

"ಬಸ್ ಇಲ್ರಿ. ಸುಮ್ನ ಓಡ್ಲತ್ತೇನಿ."

"ಸುಮ್ನ ಅಂದ್ರ ಹ್ಯಾಂಗ್ರಿ? ಮನ್ಯಾಗ ಯಾರಿಗರ ಏನರ ಆಗ್ಯಾದೇನು?"

"ಯಾರಿಗೂ ಏನೂ ಆಗಿಲ್ರಿ ಯಪ್ಪಾ, ನೀವು ಹೋಗ್ರಿ ನಿಮ್ ಕೆಲಸಕ್ಕ."

ಹತ್ತು ಮಾರು ಹೋದವನು ಮತ್ತೆ ಗಾಡಿ ನಿಲ್ಲಿಸಿ ತಿರುಗಿ ನೋಡಿದ. "ಖರೇನ ಏನೂ ಆಗಿಲ್ಲಲ್ರಿ?"

ನಮ್ಮ ಕಡೆ ವಯಸ್ಸಾದ ಹೆಂಗಸು ರಸ್ತೆಯಲ್ಲಿ ಓಡಿದರೆ ಎರಡೇ ಅರ್ಥ: ಬಸ್ಸು ತಪ್ಪುತ್ತಿದೆ, ಇಲ್ಲವೇ ಜೀವ ಹೋಗುತ್ತಿದೆ. ಅವನ ತಪ್ಪೇನೂ ಇರಲಿಲ್ಲ. ಮುಂದೆ ಒಂದು ತಿಂಗಳು ಅವನು ದಿನಾ ನನ್ನ ಪಕ್ಕದಲ್ಲಿ ಗಾಡಿ ನಿಧಾನ ಮಾಡಿ, "ಇವತ್ತರ ಕೂಡ್ತೀರೇನ್ರಿ?" ಎಂದು ಕೇಳಿ, ನಕ್ಕು ಹೋಗುತ್ತಿದ್ದ. ನನಗೆ ಸಿಟ್ಟು ಬರುತ್ತಿತ್ತು. ನನಗೆ ಸಿಟ್ಟು ಬೇಗ ಬರುತ್ತದೆ, ನನ್ನ ಕ್ಲಾಸಿನ ಯಾರನ್ನು ಬೇಕಾದರೂ ಕೇಳಿ.

ಆ ಸಿಟ್ಟಿನಲ್ಲೇ ನಾನು ಓಡುತ್ತಿದ್ದೆ. ದಿನಾ ಜೋರಾಗಿ, ಉಸಿರು ಕಟ್ಟುವ ತನಕ. ಹದಿನೈದು ದಿನಕ್ಕೆ ಮೊಣಕಾಲ ಕೆಳಗಿನ ಎಲುಬು ಎಷ್ಟು ನೋಯತೊಡಗಿತೆಂದರೆ ಬೋರ್ಡಿನ ಮುಂದೆ ನಿಲ್ಲಲಾಗದೆ ಕುರ್ಚಿ ಹಾಕಿಕೊಂಡು ಪಾಠ ಮಾಡಿದೆ. ನಮ್ಮ ಶಾಲೆಯ ಪಿ.ಟಿ. ಸರ್ ಅದನ್ನು ನೋಡಿದರು. ಐವತ್ತು ದಾಟಿದವರು, ಹಣೆಯ ತುಂಬ ವಿಭೂತಿ, ಮಾತು ಮಾತ್ರ ಕೊಡಲಿ ಏಟು.

"ಟೀಚರ್, ನೀವ್ ಓಡ್ಲತ್ತೀರೋ, ನಾಯಿ ಬೆನ್ನ ಹತ್ಯಾವೋ?"

ಹೇಳಿದೆ. ತಮ್ಮ, ಕಿಡ್ನಿ, ಯಂತ್ರ, ಆರು ತಿಂಗಳು, ಎಲ್ಲ. ಅವರು ಕೈಯಲ್ಲಿದ್ದ ಚಹಾ ಕೆಳಗಿಟ್ಟರು.

"ಆತುರಗಾರಗ ಬುದ್ಧಿ ಮಟ್ಟ ಅಂತಾರಲ್ರಿ, ಹಂಗ ಆಗ್ಯಾದ ನಿಮ್ದು. ದಮ್ಮು ಅಂದ್ರ ಜ್ವಾಳ ಇದ್ದಂಗ. ಮ್ಯಾಲ ಹಿಡ್ದು ಜಗ್ಗಿದ್ರ ಬೆಳೆಯೂದಿಲ್ಲ, ಬೇರ ಕಿತ್ತ ಕೈಗೆ ಬರ್ತದ. ಒಂದ ಕಂಬ ಓಡ್ರಿ, ಎರಡ ಕಂಬ ನಡೀರಿ. ಓಡೂದೂ ಹ್ಯಾಂಗ? ಬಾಜೂದಾಗ ನಡ್ಕೋತ ಹೊಂಟಾವ ನಿಮಗ ದಾಟಿ ಹೋಗಬೇಕು, ಅಷ್ಟ ಸಾವಕಾಶ. ಮಾತಾಡ್ಕೋತ ಓಡ್ಲಿಕ್ಕ ಬರಬೇಕು. ಮಾತು ಕಡೀತು ಅಂದ್ರ ಓಟ ಜಾಸ್ತಿ ಆತು ಅಂತ ತಿಳ್ಕೋರಿ."

"ಒಬ್ಬಾಕಿನೇ ಓಡ್ತೇನಿ ಸರ್, ಯಾರ ಸಂಗಾಟ ಮಾತಾಡ್ಲಿ?"

"ಗಣಿತದ ಟೀಚರ್ ಇದ್ದೀರಿ. ಮಗ್ಗಿ ಹೇಳ್ರಿ."

ಹಾಗೆ ನನ್ನ ಓಟಕ್ಕೆ ಹದಿಮೂರರ ಮಗ್ಗಿ ಬಂತು. ಎರಡರದ್ದು, ಐದರದ್ದು ನಿದ್ದೆಯಲ್ಲೂ ಬರುತ್ತದೆ, ಅದರಿಂದ ಉಸಿರು ಅಳೆಯಲಾಗುವುದಿಲ್ಲ. ಹದಿಮೂರು ಒಂದಲೆ ಹದಿಮೂರು, ಹದಿಮೂರು ಎರಡಲೆ ಇಪ್ಪತ್ತಾರು. ಗಟ್ಟಿಯಾಗಿ, ಒಂದೇ ದನಿಯಲ್ಲಿ, ನೂರಾ ಮೂವತ್ತರ ತನಕ ತಡವರಿಸದೆ ಹೇಳಬೇಕು. ನಡುವೆ ಏದುಸಿರು ಬಂದರೆ ನಡಿಗೆಗೆ ಇಳಿಯಬೇಕು. ಮೊದಮೊದಲು ಐವತ್ತೆರಡಕ್ಕೇ ಗಂಟಲು ಕಟ್ಟುತ್ತಿತ್ತು. ಕ್ರಿಸ್‌ಮಸ್ ಹೊತ್ತಿಗೆ ಹತ್ತು ಕಂಬ ಓಡಿದರೂ ಮಗ್ಗಿ ಮುರಿಯುತ್ತಿರಲಿಲ್ಲ. ಆಮೇಲೆ ಕಂಬ ಎಣಿಸುವುದು ಬಿಟ್ಟು ಕಿಲೋಮೀಟರ್ ಕಲ್ಲು ನೋಡತೊಡಗಿದೆ. ಮೊದಲ ಹತ್ತು ನಿಮಿಷ ಮೈ ಸುಳ್ಳು ಹೇಳುತ್ತದೆ ಎಂಬುದು ಗೊತ್ತಾಯಿತು. ಆಗುವುದಿಲ್ಲ, ಸಾಕು, ಸತ್ತೆ ಎನ್ನುತ್ತದೆ. ಅದನ್ನು ದಾಟಿಕೊಂಡರೆ ಉಸಿರು ತಾನೇ ಒಂದು ಹದಕ್ಕೆ ಬರುತ್ತದೆ, ಎರಡೂ ಬದಿಯ ತೊಗರಿ ಹೊಲಗಳು ಸುಮ್ಮನೆ ಹಿಂದೆ ಸರಿಯುತ್ತವೆ. ಅದನ್ನು ನಾನು ಪ್ರೀತಿಸತೊಡಗಿದ್ದೆ. ಕೆಲವೊಮ್ಮೆ ಯಾಕೆ ಓಡುತ್ತಿದ್ದೇನೆ ಎಂಬುದೇ ಮರೆತುಹೋಗುತ್ತಿತ್ತು.

ಶನಿವಾರ ಅರ್ಧ ದಿನ ಶಾಲೆ. ಮುಗಿಸಿ ಬೀದರಿನ ಬಸ್ಸು ಹಿಡಿಯುತ್ತಿದ್ದೆ. ತಮ್ಮನಿಗೆ ಡಯಾಲಿಸಿಸ್ಸಿನ ಮಧ್ಯಾಹ್ನದ ಪಾಳಿ. ಕೈಗೆ ಎರಡು ದಪ್ಪ ಸೂಜಿ ಚುಚ್ಚಿಸಿಕೊಂಡು ಅವನು ಮಲಗಿದರೆ ಮುಗಿಯಲು ನಾಲ್ಕು ಗಂಟೆ. ಬಿಸಿಲು ತಗ್ಗಿದ ಮೇಲೆ ನಾನು ಬೂಟು ಹಾಕಿಕೊಂಡು ಕೋಟೆಯ ಕಡೆ ಹೋಗಿ, ಕಂದಕದ ಪಕ್ಕದ ರಸ್ತೆಯಲ್ಲಿ ಓಡಿ ಬರುತ್ತಿದ್ದೆ. ಬೆವರು ಒರೆಸಿಕೊಂಡು ಒಳಗೆ ಬಂದರೆ ಅವನು ಕಣ್ಣು ತೆರೆದು ಕೇಳುತ್ತಿದ್ದ.

"ಎಷ್ಟ ಆತು?"

"ಮೂರು."

"ಬೇಷ್. ನಾ ಹೆಂಗೂ ಇಲ್ಲಿ ಮಲ್ಕೊಂಡೇ ಇರ್ತೇನಿ, ನೀ ನನ್ನ ಪಾಲಿಂದೂ ಓಡು."

ಸಂಜೆ ಅವನನ್ನು ಕರೆದುಕೊಂಡು ಭಾಲ್ಕಿಗೆ ಹೋಗಿ ಅಲ್ಲೇ ಉಳಿಯುತ್ತಿದ್ದೆ. ಫೆಬ್ರವರಿಯ ಒಂದು ಭಾನುವಾರ, ಚರ್ಚಿಗೆ ಇನ್ನೂ ಹೊತ್ತಿತ್ತು. ಸಾಯಗಾಂವ ರಸ್ತೆಯಲ್ಲಿ ಮೊದಲ ಸಲ ನಾಲ್ಕು ಕಿಲೋಮೀಟರ್ ಓಡಿ ಮನೆಗೆ ಬಂದೆ. ಖುಷಿಗೆ ಕಾಲು ನೆಲಕ್ಕೆ ಹತ್ತುತ್ತಿರಲಿಲ್ಲ. ಪಡಸಾಲೆಯ ಮೂಲೆಯಲ್ಲಿದ್ದ ಮಣ್ಣಿನ ಗಡಿಗೆಯಿಂದ ತಂಬಿಗೆ ತುಂಬಿ, ಎತ್ತಿ, ಗಟಗಟ ಕುಡಿದೆ. ಇನ್ನೊಂದು ತುಂಬಿದೆ. ಅದನ್ನೂ ಕುಡಿದೆ. ಗಲ್ಲದಿಂದ ಇಳಿದ ನೀರು ಕುತ್ತಿಗೆಗೆ ಹರಿಯಿತು. ಒರೆಸಿಕೊಳ್ಳುತ್ತ ತಿರುಗಿದರೆ ತಮ್ಮ ಬಾಗಿಲಿನ ಹತ್ತಿರ ಕುರ್ಚಿಯಲ್ಲಿ ಕೂತಿದ್ದ. ಅವನ ಪಕ್ಕದಲ್ಲಿ ಅವನ ಬಾಟಲಿ ಇತ್ತು.

ಆ ಬಾಟಲಿಯ ವಿಷಯ ಹೇಳಬೇಕು. ಕಿಡ್ನಿ ಹೋದವರ ಮೈಯಿಂದ ನೀರು ಹೊರಗೆ ಹೋಗುವುದಿಲ್ಲ, ಕುಡಿದದ್ದೆಲ್ಲ ಮುಖಕ್ಕೆ, ಕಾಲಿಗೆ, ಕೊನೆಗೆ ಎದೆಗೆ ಏರುತ್ತದೆ. ಆದ್ದರಿಂದ ಅವನಿಗೆ ದಿನಕ್ಕೆ ಒಂದೇ ಲೀಟರ್. ಚಹಾ, ಸಾರು, ಮಾತ್ರೆಯ ನೀರು, ಎಲ್ಲ ಸೇರಿ ಒಂದು ಲೀಟರ್. ಬೆಳಿಗ್ಗೆ ಅವನ ಹೆಂಡತಿ ಬಾಟಲಿ ತುಂಬಿ, ಪೆನ್ನಿನಿಂದ ಗೆರೆ ಎಳೆದು ಕೊಡುತ್ತಿದ್ದಳು, ಮಧ್ಯಾಹ್ನಕ್ಕೆ ಇಲ್ಲಿ, ಸಂಜೆಗೆ ಇಲ್ಲಿ ಎಂದು. ಅವನು ಒಂದೊಂದು ಗುಟುಕನ್ನು ಬಾಯಲ್ಲಿ ಆಡಿಸಿ ಆಡಿಸಿ ನುಂಗುತ್ತಿದ್ದ.

ಅವನು ನನ್ನ ಮುಖ ನೋಡುತ್ತಿರಲಿಲ್ಲ. ನನ್ನ ಕುತ್ತಿಗೆಯ ಮೇಲೆ ಇಳಿಯುತ್ತಿದ್ದ ನೀರನ್ನು ನೋಡುತ್ತಿದ್ದ.

"ತಣ್ಣಗದೇನು ಅಕ್ಕಾ?" ಎಂದು ಕೇಳಿದ.

ಸಿಟ್ಟಿಲ್ಲ, ಚುಚ್ಚು ಇಲ್ಲ. ಬರೀ ಕೇಳಿದ. ತಂಬಿಗೆ ಕವುಚಿಟ್ಟು ಒಳಗೆ ಹೋದೆ. ಅಂದು ಚರ್ಚಿನಲ್ಲಿ ಏನು ಓದಿದರು, ಏನು ಹಾಡಿದರು, ಒಂದೂ ನನ್ನ ಕಿವಿಗೆ ಬೀಳಲಿಲ್ಲ.

ಮುಂದಿನ ವಾರವೇ ಲೆಂಟ್ ಶುರುವಾಯಿತು. ಈಸ್ಟರ್‌ಗೆ ಮುಂಚಿನ ನಲವತ್ತು ದಿನ ನಮ್ಮ ಸಭೆಯಲ್ಲಿ ಪ್ರತಿಯೊಬ್ಬರೂ ಒಂದೊಂದನ್ನು ಬಿಡುತ್ತಾರೆ. ಒಬ್ಬರು ಮಾಂಸ, ಒಬ್ಬರು ಚಹಾ, ಅವ್ವ ಎಲೆ ಅಡಿಕೆ. ಏನು ಬಿಟ್ಟೆ ಎಂದು ಡಂಗುರ ಸಾರಬಾರದು. ಬಾಯಿಬಿಟ್ಟರೆ ಉಪವಾಸ ಕೆಟ್ಟಿತು ಎಂದು ಚಿಕ್ಕಂದಿನಿಂದ ಕೇಳಿ ಬೆಳೆದವಳು ನಾನು. ಲೆಂಟ್ ಶುರುವಾಗುವ ಬೂದಿ ಬುಧವಾರದ ಬೆಳಿಗ್ಗೆ ಔರಾದಿನ ಕೋಣೆಯಲ್ಲಿ ಮೊಣಕಾಲೂರಿ, ತಮ್ಮನ ಬಾಟಲಿಯಂಥದೇ ಒಂದು ಬಾಟಲಿ ಮುಂದಿಟ್ಟುಕೊಂಡು ಮಾತು ಕೊಟ್ಟೆ. ಈಸ್ಟರ್ ತನಕ ನನಗೂ ದಿನಕ್ಕೆ ಒಂದೇ ಲೀಟರ್. ಅವನಿಗೆ ಸಿಗದ ನೀರು ನನಗೂ ಬೇಡ.

ಪೆನ್ನಿನಿಂದ ಗೆರೆಯನ್ನೂ ಎಳೆದೆ. ಗಣಿತದ ಟೀಚರ್ ಅಲ್ಲವೇ, ಸ್ಕೇಲು ಇಟ್ಟು ನೇರವಾಗಿ ಎಳೆದೆ.

ಓಟ ಮಾತ್ರ ಬಿಡಲಿಲ್ಲ. ಬಿಡುವ ಹಾಗಿರಲಿಲ್ಲ, ಈಸ್ಟರ್ ಮುಗಿದ ವಾರವೇ ಹೈದರಾಬಾದಿನ ಪರೀಕ್ಷೆ. ಮಾರ್ಚ್ ಬಂತು, ಬಿಸಿಲು ಏರಿತು. ಓಡಿ ಬಂದು ಗೋಡೆಗೆ ಒರಗಿ ಕೂತು ಒಂದು ಗುಟುಕು ಬಾಯಲ್ಲಿ ಆಡಿಸುತ್ತಿದ್ದೆ. ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಕ್ಲಾಸಿನಲ್ಲಿ ಮಕ್ಕಳ ನೀರಿನ ಬಾಟಲಿಗಳನ್ನು ನೋಡುತ್ತ ಲೆಕ್ಕ ತಪ್ಪುತ್ತಿದ್ದೆ. ಮೂತ್ರ ಹಾಲಿಲ್ಲದ ಚಹಾದ ಬಣ್ಣಕ್ಕೆ ತಿರುಗಿತು, ಮೀನಖಂಡ ಗಂಟುಕಟ್ಟಿ ಬೆಳಗಿನ ಜಾವ ಎಚ್ಚರವಾಗುತ್ತಿತ್ತು. ಇದೆಲ್ಲ ನನಗೆ ಸರಿ ಎನಿಸಿತ್ತು. ಹೇಳಿದರೆ ನಗಬೇಡಿ, ಆ ನೋವಿನಲ್ಲಿ ಒಂದು ಹೆಮ್ಮೆ ಇತ್ತು. ತಮ್ಮನ ಪಕ್ಕದಲ್ಲೇ ಓಡುತ್ತಿದ್ದೇನೆ ಅಂದುಕೊಂಡಿದ್ದೆ.

ಪಿ.ಟಿ. ಸರ್ ಒಂದು ದಿನ ನನ್ನ ತುಟಿ ನೋಡಿದರು. "ತುಟಿ ಒಡದಾವಲ್ರಿ ಟೀಚರ್. ನೀರ್ ಬರಾಬರ್ ಕುಡೀತೀರಿಲ್ಲೋ?"

"ಹೂಂ ಸರ್, ಕುಡೀತೇನಿ."

"ಬ್ಯಾಸಗ್ಯಾಗ ಓಡಾವ್ರಿಗಿ ನೀರ ದಮ್ಮು. ನೆನಪಿಡ್ರಿ."

ಉಪವಾಸ ಕೆಡಬಾರದೆಂದು ಸುಳ್ಳು ಹೇಳಿದೆ. ಒಂದು ಪುಣ್ಯ ಉಳಿಸಲು ಒಂದು ಪಾಪ. ಆಗ ಅದು ಸರಿಯಾದ ವ್ಯವಹಾರದಂತೆ ಕಂಡಿತ್ತು.

ಗುಡ್ ಫ್ರೈಡೇಗೆ ಎರಡು ದಿನ ಇದ್ದಾಗ ನಡೆದದ್ದು ಇದು. ಐದು ಕಿಲೋಮೀಟರ್ ಸಾಕು, ಕೊನೆಯ ವಾರ ಮೈಗೆ ವಿಶ್ರಾಂತಿ ಕೊಡಿ ಎಂದು ಸರ್ ಹೇಳಿದ್ದರು. ನನಗೆ ಯಂತ್ರದ ಅಂಜಿಕೆ. ಎಂಟು ಓಡಿಬಿಟ್ಟರೆ ಅದು ನನ್ನನ್ನು ಹೇಗೆ ಸೋಲಿಸುತ್ತದೆ ನೋಡೇಬಿಡೋಣ ಎಂದು ಹೊರಟೆ. ಹೊರಡುವಾಗಲೇ ತಡವಾಗಿ ಏಳೂವರೆ ಆಗಿತ್ತು, ಬಿಸಿಲು ಆಗಲೇ ಸುಡುತ್ತಿತ್ತು. ಆರನೆಯ ಕಿಲೋಮೀಟರಿನ ಕಲ್ಲು ದಾಟಿದ ಮೇಲೆ ಬೆವರು ನಿಂತುಹೋಯಿತು. ಬೆವರು ನಿಂತದ್ದು ಒಳ್ಳೆಯದೆಂದೇ ತಿಳಿದೆ, ಮೂರ್ಖಳು. ಮಗ್ಗಿ ಹೇಳುತ್ತಿದ್ದೆ. ಹದಿಮೂರು ಐದಲೆ ಅರವತ್ತೈದು. ಹದಿಮೂರು ಆರಲೆ... ಹದಿಮೂರು ಆರಲೆ ಎಷ್ಟು? ಇಪ್ಪತ್ತು ವರ್ಷ ಗಣಿತ ಕಲಿಸಿದವಳಿಗೆ ಹದಿಮೂರು ಆರಲೆ ಎಷ್ಟೆಂದು ಹೊಳೆಯಲಿಲ್ಲ. ಅದನ್ನೇ ಮತ್ತೆ ಮತ್ತೆ ಕೇಳಿಕೊಳ್ಳುತ್ತ ಇನ್ನೂ ಸ್ವಲ್ಪ ದೂರ ಹೋದೆನಂತೆ. ಬಿದ್ದದ್ದು ನೆನಪಿಲ್ಲ.

ಕಣ್ಣು ತೆರೆದಾಗ ರಸ್ತೆಬದಿಯ ಮಣ್ಣಿನಲ್ಲಿದ್ದೆ. ಹಾಲಿನವನು ನನ್ನ ತಲೆ ಎತ್ತಿ ಹಿಡಿದು ತುಟಿಗೆ ನೀರು ಹಚ್ಚುತ್ತಿದ್ದ. ನಾನು ಬಾಯಿ ಬಿಗಿದೆ. ಅಷ್ಟಾದರೂ ಬಿಗಿದೆ. "ಬ್ಯಾಡ್ರಿ... ಉಪವಾಸ ಅದ" ಎಂದೆ.

"ಉಪವಾಸ ಇದ್ರ ಮನ್ಯಾಗ ಕೂಡಬೇಕ್ರಿ ಅಕ್ಕಾರ, ರಸ್ತಾದಾಗ ಯಾಕ ಓಡ್ತೀರಿ?" ಎಂದು ಅವನು ಬೈದ. ಕಣ್ಣಲ್ಲಿ ನೀರು ತಂದುಕೊಂಡು ಬೈದ. ಆಮೇಲೆ ಇನ್ನೊಬ್ಬರನ್ನು ನಿಲ್ಲಿಸಿ, ಕ್ಯಾನುಗಳನ್ನು ಅಲ್ಲೇ ಇಳಿಸಿ, ಇಬ್ಬರ ನಡುವೆ ನನ್ನನ್ನು ಕೂರಿಸಿಕೊಂಡು ಔರಾದಿನ ದವಾಖಾನೆಗೆ ತಂದ. ದಾರಿಯುದ್ದಕ್ಕೂ, "ಕೊನಿಗೂ ಕೂತ್ರಿ ನೋಡ್ರಿ ನನ್ ಗಾಡಿ ಮ್ಯಾಲ" ಎಂದು ಗೊಣಗುತ್ತಿದ್ದ, ನಾನು ನಿದ್ದೆ ಹೋಗಬಾರದೆಂದು.

ಸಂಜೆಯ ತನಕ ಸಲೈನ್ ಏರಿಸಿದರು. ಕಿಡ್ನಿ ಕೊಡಲು ಹೊರಟವಳು ಎಂದು ಅಲ್ಲಿ ಯಾರಿಗೂ ಹೇಳಲಿಲ್ಲ. ಮನೆಗೂ ಹೇಳಲಿಲ್ಲ.

ಈಸ್ಟರ್ ಆಯಿತು. ಆ ಬೆಳಿಗ್ಗೆ ಬೇಕಾದಷ್ಟು ನೀರು ಕುಡಿದೆ. ಮೂರು ದಿನ ಬಿಟ್ಟು ತಮ್ಮನ ಜೊತೆ ಹೈದರಾಬಾದಿಗೆ ಹೋದೆ. ಮತ್ತೆ ಅದೇ ಯಂತ್ರ, ಅದೇ ಹುಡುಗಿ. ನಡಿಗೆ, ಏರು, ಓಟ. ನೂರಾ ಮೂವತ್ತರ ತನಕ ಮಗ್ಗಿಯನ್ನು ನಾಲ್ಕು ಸಲ ಹೇಳಿದೆ. ಹುಡುಗಿ ನಕ್ಕು ಹೆಬ್ಬೆರಳು ಎತ್ತಿ ತೋರಿಸಿದಳು. ಯಂತ್ರ ನನ್ನ ಮುಂದೆ ತಾನಾಗಿ ನಿಂತಿತು. ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ತಮ್ಮನಿಗೆ, "ಪಾಸ್" ಎಂದೆ. ಅವನು ನನ್ನ ಎರಡೂ ಕೈ ಹಿಡಿದುಕೊಂಡ.

ಸಂಜೆ ರಕ್ತದ ರಿಪೋರ್ಟು ಬಂತು. ಡಾಕ್ಟರು ನನ್ನೊಬ್ಬಳನ್ನೇ ಒಳಗೆ ಕರೆದರು. ಚೆನ್ನಾಗಿದ್ದ ಕಿಡ್ನಿಗೆ ಪೆಟ್ಟು ಬಿದ್ದಿದೆ, ಏನು ಮಾಡಿಕೊಂಡಿರಿ ಎಂದು ಕೇಳಿದರು. ಏನೂ ಇಲ್ಲ ಎಂದೆ. ಅವರು ಕಾಯ್ದರು. ಕೊನೆಗೆ ಎಲ್ಲ ಹೇಳಿದೆ, ಬಾಟಲಿ, ಗೆರೆ, ಡಾಬಕಾ ರಸ್ತೆ. ಅವರು ಕನ್ನಡಕ ತೆಗೆದಿಟ್ಟು, ನೀರು ವಿಷವಾಗಿರುವುದು ನಿಮ್ಮ ತಮ್ಮನಿಗೆ, ನಿಮಗೂ ವಿಷವೆಂದು ಯಾರು ಹೇಳಿದರು ಎಂದರು. ಪೆಟ್ಟು ವಾಸಿಯಾದೀತು, ಮೂರು ತಿಂಗಳು ಕಾಯಬೇಕು. ಅಲ್ಲಿಯ ತನಕ ಇದನ್ನು ತೆಗೆಯುವ ಪ್ರಶ್ನೆಯೇ ಇಲ್ಲ.

ಮೂರು ತಿಂಗಳು ಎಂದು ಅವರು ಹೇಳಿದ ಆ ಗಳಿಗೆಯಲ್ಲಿ ನನ್ನ ಎದೆಯೊಳಗೆ ಏನೋ ಸಡಿಲವಾಯಿತು. ಜಹೀರಾಬಾದಿನ ಹತ್ತಿರ ಆಗಿದ್ದ ಅದೇ ಸಮಾಧಾನ. ನನಗೆ ನನ್ನ ಮೇಲೆಯೇ ಹೇಸಿಗೆ ಬಂತು. ಅಂದಿನಿಂದ ಇಂದಿನ ತನಕ ಒಂದೇ ಪ್ರಶ್ನೆ ನನ್ನನ್ನು ತಿನ್ನುತ್ತಿದೆ: ನೀರು ಬಿಟ್ಟದ್ದು ತಮ್ಮನ ಮೇಲಿನ ಪ್ರೀತಿಗೋ, ಇಲ್ಲಾ ಚಾಕುವಿನ ಅಂಜಿಕೆಗೋ? ದೇವರ ಹೆಸರಿನಲ್ಲಿ ನಾನೇ ನನ್ನ ಕಿಡ್ನಿ ಕೆಡಿಸಿಕೊಂಡು, ಕೊಡದೆ ತಪ್ಪಿಸಿಕೊಳ್ಳಲು ನೋಡಿದೆನೇ? ಎಷ್ಟು ಸಲ ಕೇಳಿಕೊಂಡರೂ ನನಗೆ ಪ್ರಾಮಾಣಿಕವಾಗಿ ಗೊತ್ತಿಲ್ಲ.

ಭಾಲ್ಕಿಗೆ ಬಂದ ಮರುದಿನ ತಮ್ಮನಿಗೆ ಹೇಳಿದೆ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಅವನು ತಾಮ್ರದ ತಂತಿ ಸುತ್ತುತ್ತಿದ್ದ. ಕೈ ನಿಂತಿತು.

"ನಿಂಗ ನೀರ ಬಿಡಂತ ನಾ ಹೇಳಿದ್ನೇನು?"

"ಇಲ್ಲ."

"ಮತ್ತ ಯಾರಿಗಿ ಕೇಳಿ ಬಿಟ್ಟಿ? ಆ ಕಿಡ್ನಿ ನಂದಿತ್ತು ಅಕ್ಕಾ. ಆರ್ ತಿಂಗಳಿಂದ ನಾ ಅದು ನಂದೇ ಅಂತ ತಿಳ್ಕೊಂಡಿದ್ದೆ. ನಂದು ತಗೊಂಡು ಬಿಸಲಾಗ ಒಣಗಿಸಿದಿ ನೀ."

ಬಡಿದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಆಗ ಉಳಿದದ್ದನ್ನೂ ಹೇಳಿದೆ. ಬಸ್ಸಿನಲ್ಲಿ ಆದ ಸಮಾಧಾನ, ಡಾಕ್ಟರ ಮುಂದೆ ಆದ ಸಮಾಧಾನ. "ನಂಗ ಭಾಳ ಅಂಜಿಕಿ ಬರ್ತದೋ" ಎಂದೆ. ಹೇಳುತ್ತಲೇ ಅತ್ತೆ.

ಅವನು ತಂತಿಯ ಸುರುಳಿ ಕೆಳಗಿಟ್ಟ. ಆಮೇಲೆ, "ಅಂಜಿಕಿ ನಂಗೂ ಬರ್ತದ. ಅದಕ್ಕ ನೀರ್ ಕುಡೀಬ್ಯಾಡಂತ ಎಲ್ಲಿ ಬರ್ದದ?" ಎಂದ. ತನ್ನ ಬಾಟಲಿಯ ಮುಚ್ಚಳ ತೆಗೆದು ನನ್ನ ಕಡೆ ಚಾಚಿದ. ನಾನು ಬೇಡವೆಂದು ತಲೆ ಅಲ್ಲಾಡಿಸಿದೆ. "ಕುಡಿ ಅಂದ್ರ ಕುಡಿ," ಎಂದು ಕಿರುಚಿದ. ಸಂಜೆಯ ಗೆರೆಯಿಂದ ಒಂದು ಗುಟುಕು ಕುಡಿದೆ. ಅವನ ಪಾಲು ಅಷ್ಟು ಕಡಿಮೆಯಾಯಿತು.

ಮೂರು ತಿಂಗಳು ಡಾಕ್ಟರು ಹೇಳಿದ ಹಾಗೆ ಕೇಳಿದೆ. ಸೊಂಟಕ್ಕೆ ನೀರಿನ ಬಾಟಲಿ ಕಟ್ಟಿಕೊಂಡು ಓಡಿದೆ. ಪಿ.ಟಿ. ಸರ್‌ಗೆ ನಿಜ ಹೇಳಿದೆ, ಅವರು ಎರಡು ದಿನ ನನ್ನ ಜೊತೆ ಮಾತು ಬಿಟ್ಟು, ಮೂರನೆಯ ದಿನ ಸ್ಟಾಫ್ ರೂಮಿನ ನನ್ನ ಮೇಜಿನ ಮೇಲೆ ತಂಬಿಗೆ ತುಂಬ ನೀರು ತಂದಿಟ್ಟರು. ಮಳೆ ಬಂತು, ಡಾಬಕಾ ರಸ್ತೆಯ ಎರಡೂ ಬದಿ ಹೆಸರು, ಉದ್ದು ಮೇಲೆದ್ದವು. ಏಳು ಕಿಲೋಮೀಟರ್ ಓಡಿದರೂ ಮಗ್ಗಿ ಮುರಿಯಲಿಲ್ಲ. ತಮ್ಮನಿಗೆ ಮಾತ್ರ ಆ ದಿನಗಳಲ್ಲಿ ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತ್ತು. ಮಲಗಿದರೆ ಕೆಮ್ಮು. ನೀರು ಜಾಸ್ತಿ ಕುಡಿದಿರಬೇಕು ಎಂದು ಅವನ ಹೆಂಡತಿ ಗೆರೆಗಳನ್ನು ಇನ್ನಷ್ಟು ಕೆಳಗೆ ಎಳೆದಳು.

ಜುಲೈಯಲ್ಲಿ ಮೂರನೆಯ ಸಲ ಹೋದೆವು. ಯಂತ್ರ ಪಾಸು. ರಕ್ತ ಪಾಸು. ನನ್ನ ಕಿಡ್ನಿ ಮೊದಲಿನಂತೆಯೇ ಇದೆ ಎಂದರು, ಬಿ.ಪಿ. ಮೊದಲಿಗಿಂತ ಒಳ್ಳೆಯದು. ಯಾವತ್ತು ಬೇಕಾದರೂ ತೆಗೆಯಬಹುದು. ಈ ಸಲ ಎದೆಯಲ್ಲಿ ಏನೂ ಸಡಿಲವಾಗಲಿಲ್ಲ. ಅಂಜಿಕೆ ಇತ್ತು, ಆದರೆ ಅದರ ಮೇಲೆ ಕಾಲಿಟ್ಟು ನಿಂತಿದ್ದೆ. ತೆಗೆದುಕೊಳ್ಳಿ ಎಂದೆ.

ಆಮೇಲೆ ತಮ್ಮನ ಎದೆಯ ಸ್ಕ್ಯಾನ್ ನೋಡಿದರು. ಹೃದಯ ಹಿಗ್ಗಿ ಸೋತುಹೋಗಿತ್ತು. ಇಷ್ಟು ದೊಡ್ಡ ಆಪರೇಷನ್ ತಾಳಲಾರದು, ಮೇಜಿನ ಮೇಲೆಯೇ ಪ್ರಾಣ ಹೋದರೂ ಹೋದೀತು. ಔಷಧ ಕೊಟ್ಟು ನೋಡೋಣ, ಸುಧಾರಿಸಿದರೆ ಆಗ ಯೋಚಿಸೋಣ ಎಂದರು. ಏಪ್ರಿಲ್ಲಿನಲ್ಲಿ ಹೀಗಿತ್ತೇ ಎಂದು ನಾನು ಕೇಳಿದೆ. ಡಾಕ್ಟರು ಹಳೆಯ ಕಾಗದ ತಿರುವಿ ನೋಡಿ, ಇಲ್ಲ, ಆಗ ಇಷ್ಟಿರಲಿಲ್ಲ ಎಂದರು. ಸುಳ್ಳು ಹೇಳಬಹುದಿತ್ತು ಅವರು. ಹೇಳಲಿಲ್ಲ.

ಹೊರಗೆ ಬಂದಾಗ ತಮ್ಮ ನಗಲು ನೋಡಿದ. "ಅಕ್ಕ ಪಾಸು, ತಮ್ಮ ಫೇಲು," ಎಂದ.

ಈಗಲೂ ನಾನು ಓಡುತ್ತೇನೆ. ಔಷಧ ನಡೆದಿದೆ, ಹೃದಯ ಸುಧಾರಿಸಿಲ್ಲ, ಇನ್ನೂ ಕೆಟ್ಟೂ ಇ‍ಲ್ಲ. ಸುಧಾರಿಸಿದ ದಿನ ನಾನು ತಯಾರಿರಬೇಕು, ಆದ್ದರಿಂದ ಒಂದು ದಿನವೂ ತಪ್ಪಿಸುವುದಿಲ್ಲ. ಶನಿವಾರ ಕೋಟೆಯ ಸುತ್ತ, ಭಾನುವಾರ ಸಾಯಗಾಂವ ರಸ್ತೆ. ಓಡಿ ಮನೆಗೆ ಬರುವಷ್ಟರಲ್ಲಿ ತಮ್ಮ ಕುರ್ಚಿಯಿಂದ ಎದ್ದು, ಗೋಡೆ ಹಿಡಿದುಕೊಂಡು ಗಡಿಗೆಯ ತನಕ ನಡೆದು, ತಾನೇ ತಂಬಿಗೆ ತುಂಬಿ ಇಟ್ಟಿರುತ್ತಾನೆ. ಬೇರೆ ಯಾರಿಗೂ ತುಂಬಲು ಬಿಡುವುದಿಲ್ಲ. ಮೊದಲ ಸಲ ನಾನು ಅದನ್ನು ಒಳಗೆ ಒಯ್ಯಲು ಹೋದೆ. ಅವನು ಬಿಡಲಿಲ್ಲ.

"ಇಲ್ಲೇ ಕುಡಿ. ನನ್ನ ಮುಂದ. ನನ್ನ ಪಾಲಿಂದೂ ಕುಡಿ."

ನಿಂತು ಕುಡಿಯುತ್ತೇನೆ. ತಂಬಿಗೆಯ ತಳ ಕಾಣುವ ತನಕ ಅವನು ನನ್ನ ಗಂಟಲಿನಿಂದ ಕಣ್ಣು ತೆಗೆಯುವುದಿಲ್ಲ. ಕುಡಿದು ಮುಗಿಸಿ ಬಾಯಿ ಒರೆಸಿಕೊಂಡ ಮೇಲೆ ಕೇಳುತ್ತಾನೆ.

"ತಣ್ಣಗದೇನು ಅಕ್ಕಾ?"

"ತಣ್ಣಗದೋ," ಎನ್ನುತ್ತೇನೆ.